ಆಯಮ್ಮ ತಿದ್ದಿದ ವಾಕ್ಯ

ಹದಿನೆಂಟು ವರ್ಷ ನಾನು ರೈಟರ್ ಆಗಿದ್ದೆ ಎಂದರೆ ಹೊರಗಿನವರು ಯಾವ ಪುಸ್ತಕ ಬರೆದಿರಿ ಎಂದು ಕೇಳುತ್ತಾರೆ. ಕೊಡಗಿನ ಕಾಫಿ ತೋಟದಲ್ಲಿ ರೈಟರ್ ಎಂದರೆ ಬೆಳಿಗ್ಗೆ ಏಳೂವರೆಗೆ ಕೆಲಸದವರ ಸಾಲುಮನೆಗಳ ಮುಂದೆ, ಅಂದರೆ ಲೈನಿನ ಮುಂದೆ, ನಿಂತು ಹಾಜರಿ ಕರೆಯುವ ಜನ. ಯಾವ ಗುಂಪು ಯಾವ ಕಡೆ ಹೋಗಬೇಕೆಂದು ಹೇಳುವುದು, ಹೋದವರು ಕೆಲಸ ಮಾಡುತ್ತಿದ್ದಾರೋ ಕಾಡುಹರಟೆ ಹೊಡೆಯುತ್ತಿದ್ದಾರೋ ನೋಡುವುದು, ಸಂಜೆ ಅದನ್ನೆಲ್ಲ ದಪ್ಪ ಪುಸ್ತಕದಲ್ಲಿ ಬರೆದಿಡುವುದು. ಬರೆಯುವುದಕ್ಕಿಂತ ಕೂಗುವುದೇ ಹೆಚ್ಚು. ನನ್ನ ಗಂಟಲು ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಸುಂಟಿಕೊಪ್ಪದಿಂದ ಮೂರು ಮೈಲಿ ಒಳಗಿದ್ದ ಆ ತೋಟಕ್ಕೆ ನಾನೇ ಮೊದಲ ಹೆಣ್ಣು ರೈಟರ್. ಈ ಹುಡುಗಿ ಒಂದು ಮಳೆಗಾಲ ನಿಂತರೆ ಹೆಚ್ಚು ಎಂದು ಯಾರೋ ಆಡಿದ ಮಾತು ಸೇರಿದ ವಾರದಲ್ಲೇ ನನ್ನ ಕಿವಿಗೆ ಬಿದ್ದಿತ್ತು. ಹಾಗೆ ಆಡಿದವರು ಬಿಟ್ಟು ಹೋದರು, ನಾನು ಹೋಗಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದರ ಜೊತೆಗೆ ಒಂದು ಜಂಬವೂ ಇತ್ತು, ಇಂಗ್ಲಿಷಿನದು. ತೋಟದಲ್ಲಿ ನಾವೆಲ್ಲ ಮಾತಾಡುವುದು ಕನ್ನಡವೇ ಆದರೂ ಅದರಲ್ಲಿ ಅರ್ಧ ತಮಿಳು, ಕಾಲು ಮಲಯಾಳ, ನಮ್ಮ ಮನೆಯ ಅರೆಭಾಷೆ, ಬೈಯುವಾಗ ತುಳು. ಕಾಗದ ಪತ್ರ ಮಾತ್ರ ಇಂಗ್ಲಿಷಿನಲ್ಲೇ ಹೋಗಬೇಕು. ಇಡೀ ತೋಟದಲ್ಲಿ ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಬರೆಯಬಲ್ಲವಳು ನಾನೊಬ್ಬಳೇ. ಬ್ಯಾಂಕಿನ ಅರ್ಜಿ, ಆಸ್ಪತ್ರೆಯ ಚೀಟಿ, ಮಕ್ಕಳ ಸ್ಕೂಲಿನ ಪತ್ರ, ಏನಿದ್ದರೂ ನನ್ನ ಹತ್ತಿರವೇ ಬರುತ್ತಿತ್ತು. ನಾನು ಪೆನ್ನು ಹಿಡಿದರೆ ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

ನಾನು ಓದಿದ್ದು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮ. ಅಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಟ್ಟ ಮೇಷ್ಟ್ರು ಒಂದು ಮಾತನ್ನು ನಮ್ಮ ತಲೆಗೆ ಮೊಳೆ ಹೊಡೆದ ಹಾಗೆ ಹೊಡೆದಿದ್ದರು. ಯೂಸ್ಡ್ ಟು ಎಂದರೆ ರೂಢಿ. ದಿನಾ ಮಾಡುವ ಕೆಲಸ ಯಾವುದೇ ಇರಲಿ, ಅದರ ಹಿಂದೆ ಯೂಸ್ಡ್ ಟು ಹಾಕಿದರೆ ಇಂಗ್ಲಿಷಿಗೆ ಒಂದು ಗತ್ತು ಬರುತ್ತದೆ. ಬರೀ 'ಐ ಗೆಟ್ ಅಪ್' ಎಂದರೆ ಏನು ಚೆಂದ? 'ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್' ಎನ್ನಬೇಕು. ನಲವತ್ತು ಮಕ್ಕಳು ಒಟ್ಟಿಗೆ ಅದನ್ನು ಕೂಗುತ್ತಿದ್ದೆವು. ಆ ಶಾಲೆಯಲ್ಲಿ ಓದಿದ ಎಲ್ಲರ ಬಾಯಲ್ಲೂ ಅದು ಉಳಿದುಬಿಟ್ಟಿತ್ತು. ಅಂಚೆ ಕಚೇರಿಯವರು 'ವಿ ಯೂಸ್ಡ್ ಟು ಕ್ಲೋಸ್ ಅಟ್ ಫೋರ್' ಎನ್ನುತ್ತಿದ್ದರು, ಮೆಡಿಕಲ್ ಶಾಪಿನವರು 'ದಿಸ್ ಟ್ಯಾಬ್ಲೆಟ್ ಯೂಸ್ಡ್ ಟು ವರ್ಕ್' ಎನ್ನುತ್ತಿದ್ದರು. ನಾನು ತೋಟದ ಕೆಲಸಕ್ಕೆ ಅರ್ಜಿ ಬರೆದಾಗಲೂ ಕೊನೆಯ ಸಾಲಿನಲ್ಲಿ 'ಐ ಯೂಸ್ಡ್ ಟು ವರ್ಕ್ ಹಾರ್ಡ್' ಎಂದು ಬರೆದಿದ್ದೆ. ಆಗಿನ ಯಜಮಾನರು ಅದನ್ನು ಓದಿ ಜೋರಾಗಿ ನಕ್ಕು, ಸೋಮವಾರದಿಂದ ಬಾ ಎಂದಿದ್ದರು. ನನ್ನ ಇಂಗ್ಲಿಷ್ ಅವರಿಗೆ ಹಿಡಿಸಿತು ಎಂದುಕೊಂಡು ನಾನು ಮನೆಯವರೆಗೂ ಹಾರುತ್ತಾ ಹೋಗಿದ್ದೆ.

ಇನ್ನೊಂದು ಘಟನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ದಿನ ಸುಂಟಿಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಟೂರಿಸ್ಟ್ ಗಂಡ ಹೆಂಡತಿ ದೊಡ್ಡ ದೊಡ್ಡ ಬ್ಯಾಗು ಹೊತ್ತುಕೊಂಡು ಬಂದು, ಮಡಿಕೇರಿ ಬಸ್ಸು ಇಲ್ಲಿ ನಿಲ್ಲುತ್ತದಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. 'ಎಸ್, ಇಟ್ ಯೂಸ್ಡ್ ಟು ಸ್ಟಾಪ್ ಹಿಯರ್' ಎಂದು ನಾನು ಚೆನ್ನಾಗಿಯೇ ಹೇಳಿದೆ. ಅವರು ಥ್ಯಾಂಕ್ಸ್ ಹೇಳಿ, ಬ್ಯಾಗು ಎತ್ತಿಕೊಂಡು, ಮುಂದಿನ ಸ್ಟಾಪಿನ ಕಡೆ ನಡೆದೇಬಿಟ್ಟರು. ಐದು ನಿಮಿಷಕ್ಕೆ ಬಸ್ಸು ಬಂದು ನನ್ನ ಮುಂದೆಯೇ ನಿಂತಿತು. ನಾನು ಹತ್ತಿ ಕೂತು ಕಿಟಕಿಯಿಂದ ನೋಡಿದರೆ ಅವರಿಬ್ಬರೂ ಬೆವರಿಳಿಸಿಕೊಂಡು ಏರು ಹತ್ತುತ್ತಿದ್ದರು. ನಂಬಿಕೆ ಇಲ್ಲದ ಮೇಲೆ ಕೇಳುವುದು ಯಾಕೆ ಎಂದು ನನಗೆ ಮಡಿಕೇರಿಯವರೆಗೂ ಸಿಟ್ಟು ಇಳಿಯಲಿಲ್ಲ.

ಈಗ ಆಯಮ್ಮನ ವಿಷಯ. ನಮ್ಮ ಆಫೀಸಿನ ಪಕ್ಕದಲ್ಲೇ ಹೆಂಚಿನ ಒಂದು ಕೋಣೆ ಇತ್ತು, ಮಕ್ಕಳ ರೂಮು. ತಾಯಂದಿರು ಕೊಯ್ಲಿಗೆ ಹೋಗುವಾಗ ಇನ್ನೂ ಶಾಲೆಗೆ ಹೋಗದ ಮಕ್ಕಳನ್ನು ಅಲ್ಲಿ ಬಿಡುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ಆಯಮ್ಮ. ವಯಸ್ಸು ಐವತ್ತು ದಾಟಿತ್ತು. ಮೊದಲು ಅವರೂ ತೋಟದಲ್ಲೇ ಕೆಲಸ ಮಾಡುತ್ತಿದ್ದರು. ಒಮ್ಮೆ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಮೊಣಕಾಲು ಮುರಿಯಿತು. ಅದು ಕೂಡಿಕೊಂಡಿತೇ ಹೊರತು ಮಡಚಲು ಬರಲಿಲ್ಲ. ಆಗ ಹಳೆಯ ಯಜಮಾನರು ಅವರನ್ನು ಮಕ್ಕಳ ರೂಮಿಗೆ ಹಾಕಿದರು. ನಮ್ಮದು ಸಣ್ಣ ತೋಟ, ಮಕ್ಕಳಿಗೊಂದು ರೂಮು ಇರಲೇಬೇಕೆಂಬ ಕಟ್ಟುಪಾಡು ನಮಗಿರಲಿಲ್ಲ. ಅದು ಅವರ ಒಳ್ಳೆಯತನದಿಂದ ನಡೆಯುತ್ತಿತ್ತು, ಹಾಗಾಗಿ ಪುಸ್ತಕದಲ್ಲಿ ಆಯಮ್ಮನಿಗೆ ಒಂದು ಹುದ್ದೆಯ ಹೆಸರೂ ಇರಲಿಲ್ಲ.

ನಾನು ಹೇಳುವ ವರ್ಷ ಆ ರೂಮಿನಲ್ಲಿ ಹನ್ನೊಂದು ಮಕ್ಕಳಿದ್ದವು. ತಮಿಳು ಮಾತಾಡುವವು ನಾಲ್ಕು, ಕನ್ನಡದವು ಮೂರು, ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳು ನಾಲ್ಕು. ಆಯಮ್ಮ ಎಲ್ಲರ ಜೊತೆಗೂ ಅವರವರ ಭಾಷೆಯ ಹತ್ತು ಹದಿನೈದು ಮಾತಿನಲ್ಲೇ ಸಂಸಾರ ನಡೆಸುತ್ತಿದ್ದರು. ಅಸ್ಸಾಮಿನವರ ಎರಡು ವರ್ಷದ ಒಬ್ಬ ಹುಡುಗಿಯಂತೂ ಆಯಮ್ಮನ ಕಿವಿ ಹಿಡಿದುಕೊಳ್ಳದೆ ಮಲಗುತ್ತಿರಲಿಲ್ಲ. ಮಧ್ಯಾಹ್ನ ಹೋದರೆ ಆಯಮ್ಮ ಗೋಡೆಗೊರಗಿ, ಕಾಲು ಚಾಚಿ, ತಲೆ ಒಂದು ಕಡೆಗೆ ವಾಲಿಸಿಕೊಂಡು ಕೂತಿರುತ್ತಿದ್ದರು.

ಹಳೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳು ತೋಟದ ಮೇಲ್ವಿಚಾರಣೆಯನ್ನು ಬೇರೆಯವರಿಗೆ ವಹಿಸಿದರು. ಊರಾಚೆಯ ಹೆಡ್ ಆಫೀಸು, ಅಲ್ಲಿ ಒಬ್ಬ ಮ್ಯಾನೇಜರ್. ಅವರು ಬಂದ ತಿಂಗಳಲ್ಲೇ ಪ್ರತಿಯೊಬ್ಬ ಕೆಲಸದವರೂ ಏನು ಮಾಡುತ್ತಾರೆಂದು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ ಕಳಿಸಿ ಎಂದರು. ಡ್ರೈವರ್, ವಾಚ್‌ಮನ್, ಪಂಪಿನವರು, ಇವರಿಗೆಲ್ಲ ಒಂದೊಂದು ಪದ ಸಾಕಾಯಿತು. ಆಯಮ್ಮನಿಗೆ ಹೆಸರಿಲ್ಲದ ಕೆಲಸವಾದ್ದರಿಂದ ಒಂದು ವಾಕ್ಯವನ್ನೇ ಬರೆಯಬೇಕಾಯಿತು. ಸಾಮಾನ್ಯ ವಾಕ್ಯ ಬೇಡವೆಂದು ಯೋಚಿಸಿ, ಮೇಷ್ಟ್ರನ್ನು ನೆನೆದು, 'ಶಿ ಯೂಸ್ಡ್ ಟು ಲುಕ್ ಆಫ್ಟರ್ ದ ಚಿಲ್ಡ್ರನ್ ಆಫ್ ದ ಪಿಕರ್ಸ್' ಎಂದು ಬರೆದೆ. ಕೊಯ್ಲಿನವರ ಮಕ್ಕಳನ್ನು ದಿನಾ ನೋಡಿಕೊಳ್ಳುತ್ತಾರೆ ಎಂದು ನನ್ನ ಅರ್ಥ. ಇಡೀ ಪಟ್ಟಿಯಲ್ಲಿ ಅದೊಂದೇ ಪೂರ್ತಿ ವಾಕ್ಯ. ಮೂರು ಸಲ ಓದಿ ಖುಷಿಪಟ್ಟೆ.

ಹತ್ತು ದಿನದ ಮೇಲೆ ಉತ್ತರ ಬಂತು. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ನಿಂತುಹೋಗಿರುವುದರಿಂದ ಈ ಹೆಂಗಸನ್ನು ಮುಂದಿನ ಒಂದನೇ ತಾರೀಕಿನಿಂದ ಕೊಯ್ಲಿಗೆ ಕಳಿಸುವುದು, ಖಾಲಿ ಇರುವ ಕೋಣೆಯನ್ನು ಗೊಬ್ಬರ ಇಡಲು ಬಳಸುವುದು ಎಂದಿತ್ತು. ನಾನು ಅದನ್ನು ಓದುತ್ತಿರುವಾಗ ಆ ಖಾಲಿ ಕೋಣೆಯಿಂದ ನಾಲ್ಕು ಮಕ್ಕಳು ಒಟ್ಟಿಗೆ ಅಳುವುದು ಕೇಳಿಸುತ್ತಿತ್ತು.

ಆಫೀಸಿನ ಫೋನು ಎತ್ತಿ ಮ್ಯಾನೇಜರಿಗೆ ಮಾಡಿದೆ. ಅವರು ಚಿಕ್ಕ ವಯಸ್ಸಿನವರು, ಮಾತು ಮೆದು.

"ಸರ್, ರೂಮು ಖಾಲಿ ಅಂತ ಯಾರು ಹೇಳಿದ್ದು ನಿಮ್ಗೆ?"

"ನೀವೇ ಬರೆದಿದ್ದೀರಲ್ಲ ಮೇಡಂ. ಯೂಸ್ಡ್ ಟು ಲುಕ್ ಆಫ್ಟರ್ ಅಂತ."

"ಅದನ್ನೇ ನಾನೂ ಹೇಳ್ತಿರೋದು. ಯೂಸ್ಡ್ ಟು."

"ಹೌದು ಮೇಡಂ, ಯೂಸ್ಡ್ ಟು."

ಇಬ್ಬರೂ ಒಂದೇ ಮಾತು ಹೇಳುತ್ತಾ ಜಗಳವಾಡಿದೆವು. ಕೊನೆಗೆ ಅವರು ಹೇಳಿದ್ದು ನನ್ನನ್ನು ಚುಚ್ಚಿತು. ಆಗ ಒಂದು ಬರೆದು, ಆಕೆಯನ್ನು ಕೊಯ್ಲಿಗೆ ಹಾಕುತ್ತಾರೆಂದು ಗೊತ್ತಾದ ಮೇಲೆ ಈಗ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು ಎಂದರು. ಬದಲಾವಣೆ ಇದ್ದರೆ ಬರವಣಿಗೆಯಲ್ಲೇ ಬರಲಿ, ಶುಕ್ರವಾರದೊಳಗೆ ಬರಲಿ, ಆಮೇಲೆ ಪಟ್ಟಿ ತಮ್ಮ ಕೈಯಲ್ಲಿ ಇರುವುದಿಲ್ಲ ಎಂದು ಫೋನಿಟ್ಟರು. ಅಂದು ಮಂಗಳವಾರ.

ನನ್ನ ಮಾತನ್ನು ಸುಳ್ಳೆಂದರಲ್ಲ ಎಂದು ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಆಯಮ್ಮನ ಹತ್ತಿರ ಹೋದೆ. ಮಕ್ಕಳು ಊಟ ಮುಗಿಸಿ ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು. ಆಯಮ್ಮನ ಕಿವಿ ಎಂದಿನಂತೆ ಆ ಹುಡುಗಿಯ ಕೈಯಲ್ಲಿತ್ತು. ವಿಷಯ ಹೇಳಿದೆ. ಅವರು ಅಳಲಿಲ್ಲ, ಕೂಗಾಡಲಿಲ್ಲ. ತಮ್ಮ ಕಾಲನ್ನು ನೋಡಿಕೊಂಡರು.

"ಈ ಕಾಲಲ್ಲಿ ಮೆಟ್ಟಿಲು ಹತ್ತೋದೇ ಕಷ್ಟ ರೈಟ್ರಮ್ಮ. ಗುಡ್ಡದ ಬರೆ ಹತ್ತಿ ಕಾಫಿ ಕೊಯ್ಯೋದು ಹೆಂಗೆ? ಎರಡು ದಿನಕ್ಕೆ ಬೀಳ್ತೇನೆ. ಬಿದ್ರೆ ಮನೆಗೆ ಹೋಗು ಅಂತಾರೆ. ನಂಗೆ ಲೈನಿನ ಮನೆ ಬಿಟ್ರೆ ಬೇರೆ ಮನೆ ಎಲ್ಲಿದೆ?" ಆಮೇಲೆ ಮಕ್ಕಳ ಕಡೆ ನೋಡಿದರು. "ಇವುಗಳನ್ನ ಅಮ್ಮಂದಿರು ಬೆನ್ನಿಗೆ ಕಟ್ಕೊಂಡು ಕೊಯ್ತಾರಾ?"

"ನಾನು ಸರಿಯಾಗೇ ಬರ್ದಿದ್ದೆ ಆಯಮ್ಮ. ಓದೋಕೆ ಬಾರದವ್ರು ಅಲ್ಲಿ ಕೂತಿದ್ದಾರೆ."

"ಎಂತ ಬರ್ದಿದ್ರಿ? ಓದಿ ನೋಡುವ."

ನಾನು ಕನ್ನಡದಲ್ಲಿ ಹೇಳಲು ಹೊರಟೆ. ಅವರು ಬೇಡವೆಂದು ಕೈಯಾಡಿಸಿದರು. "ಬರ್ದ ಹಂಗೇ ಓದಿ, ಇಂಗ್ಲಿಷಲ್ಲಿ."

ಆಯಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ನನಗೆ ಒಳಗೊಳಗೇ ನಗು ಬಂತು. ಆದರೂ ಹಾಳಾಗಲಿ ಎಂದು ವಾಕ್ಯವನ್ನು ರಾಗವಾಗಿ ಓದಿದೆ.

"ನಾನು ಬಿಟ್ಟೆ ಅಂತ ಯಾಕೆ ಬರ್ದ್ರಿ?" ಎಂದರು.

"ಎಲ್ಲಿ ಬರ್ದೆ ಹಂಗೆ?"

"ಯೂಸ್ಡ್ ಟು ಅಂದ್ರಲ್ಲ. ಅದು ಮುಗಿದು ಹೋದದ್ದಕ್ಕೆ ಹೇಳೋದು."

ಆಮೇಲೆ ಹೇಳಿದರು. ಮದುವೆಗೆ ಮುಂಚೆ ಅವರು ಶ್ರೀಮಂಗಲದ ಕಡೆ ಒಂದು ತೋಟದ ಬಂಗಲೆಯಲ್ಲಿ ಮನೆಗೆಲಸಕ್ಕಿದ್ದರಂತೆ. ಅಲ್ಲಿಯ ಅಮ್ಮಾವರಿಗೆ ವಯಸ್ಸಾಗಿತ್ತು, ಕಾಲು ಸ್ವಾಧೀನದಲ್ಲಿರಲಿಲ್ಲ, ಗಾಲಿ ಕುರ್ಚಿಯಲ್ಲೇ ಇರುತ್ತಿದ್ದರು. ಮನೆಯವರ ಜೊತೆ, ಬಂದವರ ಜೊತೆ, ನಾಯಿಯ ಜೊತೆ, ಎಲ್ಲರ ಜೊತೆಯೂ ಅವರದು ಇಂಗ್ಲಿಷೇ.

"ಗೋಡೆ ಮೇಲೆ ಒಂದು ಫೋಟೋ ಇತ್ತು, ಅಮ್ಮಾವ್ರು ಕುಣಿಯೋದು. ಯಾರು ಬಂದ್ರೂ ಅದನ್ನ ತೋರ್ಸಿ 'ಐ ಯೂಸ್ಡ್ ಟು ಡಾನ್ಸ್' ಅಂತಿದ್ರು. ಹೇಳ್ತಾ ಹೇಳ್ತಾ ಮುಖ ಸಣ್ಣಗಾಗ್ತಿತ್ತು. ಗಾಲಿ ಕುರ್ಚಿಲಿ ಕೂತ್ಕೊಂಡು ಈಗ್ಲೂ ಕುಣೀತೇನೆ ಅಂತ ಹೇಳ್ತಿದ್ರಾ ಅವ್ರು?"

ನನಗೆ ಅವಮಾನವಾಯಿತು. ಅವಮಾನವಾದರೆ ನನ್ನ ಬಾಯಿಯಿಂದ ಒಳ್ಳೆಯ ಮಾತು ಬರುವುದಿಲ್ಲ.

"ನಿಮ್ಗೆ ಗ್ರಾಮರ್ ಗೊತ್ತಾ ಆಯಮ್ಮ?" ಎಂದುಬಿಟ್ಟೆ.

"ಗ್ರಾಮರ್ ಗೊತ್ತಿಲ್ಲ," ಎಂದರು ಅವರು. "ಅಮ್ಮಾವ್ರ ಮುಖ ಗೊತ್ತು."

ನಾನು ದಡಬಡ ಎದ್ದು ಹೊರಗೆ ಬಂದೆ. ಮೊಬೈಲಿಗೆ ಟವರ್ ಸಿಗುತ್ತಿದ್ದದ್ದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಬಿಸಿಲಲ್ಲಿ ನಿಂತು ಯೂಸ್ಡ್ ಟು ಅರ್ಥ ಹುಡುಕಿದೆ. ಒಂದು ಕಡೆ ನೋಡಿದೆ, ನಂಬಲಿಲ್ಲ. ಇನ್ನೊಂದು ಕಡೆ ನೋಡಿದೆ. ನಾಲ್ಕು ಕಡೆಯೂ ಅದೇ ಇತ್ತು. ಯೂಸ್ಡ್ ಟು ಎಂದರೆ ರೂಢಿಯೇ, ಅದರಲ್ಲಿ ಮೇಷ್ಟ್ರು ತಪ್ಪಿರಲಿಲ್ಲ. ಆದರೆ ಹಿಂದೆ ಇದ್ದು ಈಗ ಇಲ್ಲದ ರೂಢಿ. ಮೇಷ್ಟ್ರು ಅರ್ಧ ಪಾಠ ಹೇಳಿದ್ದರೋ, ಬೆಲ್ಲು ಹೊಡೆಯಿತೆಂದು ನಾವು ಅರ್ಧ ಕೇಳಿ ಓಡಿದ್ದೆವೋ ಈಗ ಹೇಳುವುದು ಕಷ್ಟ.

ಕಣದಲ್ಲಿ ಹಾಗೇ ಕೂತುಬಿಟ್ಟೆ. ಬೆನ್ನ ಮೇಲೆ ಬ್ಯಾಗು ಹೊತ್ತು ಏರು ಹತ್ತುತ್ತಿದ್ದ ಆ ಗಂಡ ಹೆಂಡತಿ ನೆನಪಾದರು. ಬಸ್ಸು ಹಿಂದೆ ಇಲ್ಲಿ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ ಎಂದು ಅವರಿಗೆ ಹೇಳಿ ನಾನು ಬಸ್ಸು ಹತ್ತಿ ಹೋಗಿದ್ದೆ. ಕೆಲಸದ ಅರ್ಜಿ ನೆನಪಾಯಿತು. ನಾನು ಹಿಂದೆ ಕಷ್ಟಪಟ್ಟು ಕೆಲಸ ಮಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದು ಬರೆದುಕೊಟ್ಟವಳಿಗೆ ಯಜಮಾನರು ಕೆಲಸ ಕೊಟ್ಟಿದ್ದರು. ಆ ದೊಡ್ಡ ನಗು ಯಾತಕ್ಕೆಂದು ಅವರು ಸತ್ತ ಮೇಲೆ ನನಗೆ ತಿಳಿಯಿತು. ಒಬ್ಬಳೇ ಕೂತು ನಾನೂ ನಕ್ಕೆ. ಆದರೆ ನಗು ಬೇಗ ನಿಂತಿತು, ಯಾಕೆಂದರೆ ನನ್ನ ಉಳಿದ ತಪ್ಪುಗಳಿಂದ ಯಾರಿಗೂ ಏನೂ ಆಗಿರಲಿಲ್ಲ. ಈ ತಪ್ಪು ಆಯಮ್ಮನ ಕೂರುವ ಜಾಗವನ್ನೇ ಕಿತ್ತುಕೊಳ್ಳಲು ಹೊರಟಿತ್ತು.

ಸಂಜೆ ತಾಯಂದಿರು ಬಂದು ಮಕ್ಕಳನ್ನು ಕರೆದುಕೊಂಡು ಹೋದ ಮೇಲೆ ಮತ್ತೆ ಮಕ್ಕಳ ರೂಮಿಗೆ ಹೋದೆ. ತಪ್ಪು ನನ್ನದು ಎಂದು ಹೇಳಬೇಕಿತ್ತು. ಆ ಎರಡು ಪದ ಹೇಳುವುದಕ್ಕೆ ನಾನು ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತೆನೆಂದರೆ ಆಯಮ್ಮ ಬೆಲ್ಲದ ಕಾಫಿ ಕಾಸಿ, ಸೋಸಿ, ಲೋಟಕ್ಕೆ ಹಾಕಿದರು.

"ಕುಡೀರಿ. ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ, ಹೇಳೋದೆಲ್ಲ ಬೇಡ," ಎಂದರು.

"ಹೇಳ್ಬೇಕು. ತಪ್ಪು ನಂದು."

"ಆಯ್ತು, ಹೇಳಿದ್ರಲ್ಲ. ಈಗ ಎಂತ ಮಾಡುವ?"

ಹೊಸದಾಗಿ ಬರೆಯುತ್ತೇನೆ ಎಂದೆ. ಜೇಬಿನಲ್ಲಿದ್ದ ಹಳೆಯ ಪಟ್ಟಿಯ ಪ್ರತಿಯನ್ನು ತೆಗೆದು ಹರಿಯಲು ಹೊರಟೆ. ಆಯಮ್ಮ ತಡೆದರು.

"ಹರೀಬೇಡಿ ರೈಟ್ರಮ್ಮ, ಇಟ್ಟಿರಿ. ನಾನು ಬಿಡೋ ದಿನ ಆ ವಾಕ್ಯ ಬೇಕಾಗುತ್ತೆ. ಆ ದಿನ ಯಾವ್ದು ಅಂತ ನಾನೇ ಹೇಳ್ತೇನೆ, ಹೆಡ್ ಆಫೀಸಿನವ್ರು ಹೇಳೋದಲ್ಲ."

ಅವರು ನನ್ನನ್ನು ಗೇಲಿ ಮಾಡುತ್ತಿದ್ದರು, ಅದು ನನಗೆ ಬೇಕಾಗಿತ್ತು. ಕಾಫಿ ಅರ್ಧ ಕುಡಿಯುವಷ್ಟರಲ್ಲಿ ಅವರಿಗೆ ಇನ್ನೇನೋ ನೆನಪಾಯಿತು.

"ಅಮ್ಮಾವ್ರು ಇನ್ನೊಂದು ಯೂಸ್ಡ್ ಟು ಹೇಳ್ತಿದ್ರು. ಅದು ಬೇರೆ. ನಾನು ಮದುವೆಯಾಗಿ ಹೊರಡೋ ದಿನ ನನ್ನ ಕೈ ಹಿಡ್ಕೊಂಡು, 'ವಾಟ್ ವಿಲ್ ಐ ಡೂ, ಐ ಆಮ್ ಯೂಸ್ಡ್ ಟು ಯು' ಅಂದ್ರು. ಅದು ಮುಗಿದದ್ದಲ್ಲ. ಅದು ಬಿಟ್ಟಿರೋಕಾಗದ್ದು."

ಲೋಟ ಕೆಳಗಿಟ್ಟೆ. ಅದೇ ಯೂಸ್ಡ್ ಟು. ಹಿಂದೆ ಒಂದು 'ಆಮ್' ಬಂದು ಕೂತರೆ ಸಾಕು, ಮುಗಿದು ಹೋದದ್ದು ಎದ್ದು ಬಂದು ಎದುರಿಗೆ ನಿಲ್ಲುತ್ತದೆ. ನಾನು ನಿನಗೆ ಒಗ್ಗಿಹೋಗಿದ್ದೇನೆ, ನೀನಿಲ್ಲದೆ ನನಗಾಗದು. ಹತ್ತು ವರ್ಷ ಶಾಲೆಯ ಬೆಂಚಿನಲ್ಲಿ ಕೂತರೂ ನನಗೆ ಇದು ತಿಳಿದಿರಲಿಲ್ಲ. ಈ ಹೆಂಗಸು ಅದನ್ನು ಕಿವಿಯಲ್ಲಿ ಹೊತ್ತುಕೊಂಡು ಬಂದು ಇಷ್ಟು ವರ್ಷ ಇಟ್ಟುಕೊಂಡಿದ್ದರು.

ಅಲ್ಲೇ ನೆಲದ ಮೇಲೆ ಕೂತು ಬರೆದೆ. ಹಿಂದಿನ ಪಟ್ಟಿಯಲ್ಲಿ ಯೂಸ್ಡ್ ಟು ಎಂದು ಬರೆದದ್ದು ನನ್ನ ಇಂಗ್ಲಿಷಿನ ತಪ್ಪು ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆ. ಆಮೇಲೆ ಎರಡು ವಾಕ್ಯ. 'ಶಿ ಲುಕ್ಸ್ ಆಫ್ಟರ್ ಇಲೆವನ್ ಚಿಲ್ಡ್ರನ್ ಎವ್ರಿ ಡೇ.' ಅದರ ಕೆಳಗೆ, 'ದ ಚಿಲ್ಡ್ರನ್ ಆರ್ ಯೂಸ್ಡ್ ಟು ಹರ್.' ಗತ್ತಿಗೆಂದು ಒಂದು ಪದವನ್ನೂ ಸೇರಿಸಲಿಲ್ಲ. ಆಯಮ್ಮನಿಗೆ ಓದಿ ಹೇಳಿದೆ. ಎರಡನೆಯದನ್ನು ಇನ್ನೊಮ್ಮೆ ಓದಿ ಎಂದರು. ಓದಿದೆ. ಸೆರಗಿನಿಂದ ಮುಖ ಒರೆಸಿಕೊಂಡು, "ಹ್ಞೂಂ, ಕಳಿಸಿ," ಎಂದರು. ಮರುದಿನ ಬೆಳಿಗ್ಗೆ ಹಾಜರಿಗೂ ಮುಂಚೆ ಕಣದ ಮೂಲೆಗೆ ಹೋಗಿ ಅದರ ಫೋಟೋ ಕಳಿಸಿದೆ.

ಬುಧವಾರ ಉತ್ತರವಿಲ್ಲ. ಗುರುವಾರವೂ ಇಲ್ಲ. ನಾನು ಆ ಎರಡು ದಿನ ಲೈನಿನವರ ಮೇಲೆ ಎಷ್ಟು ಹಾರಾಡಿದೆನೆಂದರೆ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ವಿಷಯ ಹೇಗೋ ತಾಯಂದಿರ ಕಿವಿಗೆ ಬಿದ್ದಿತ್ತು. ಅವರೂ ಮಕ್ಕಳನ್ನು ಬಿಟ್ಟು ಹೋಗುವಾಗ ಆಫೀಸಿನ ಬಾಗಿಲ ಕಡೆ ಒಮ್ಮೆ ನೋಡಿ ಹೋಗುತ್ತಿದ್ದರು.

ಶುಕ್ರವಾರ ಹನ್ನೊಂದು ಗಂಟೆಗೆ ಆಫೀಸಿನ ಫೋನು ಹೊಡೆದುಕೊಂಡಿತು. ಮ್ಯಾನೇಜರ್.

"ಮೇಡಂ, ನಿಮ್ಮ ಪತ್ರ ನೋಡಿದೆ. ಒಂದು ಗೊಂದಲ ಇದೆ. ಯೂಸ್ಡ್ ಟು ತಪ್ಪು ಅಂತ ನೀವೇ ಬರೆದಿದ್ದೀರಿ. ಕೆಳಗೆ ಮತ್ತೆ ಯೂಸ್ಡ್ ಟು ಹಾಕಿದ್ದೀರಿ. ಇದೂ ಅದೇ ತಪ್ಪಾ?"

ನನ್ನ ಇಂಗ್ಲಿಷಿನ ಬಗ್ಗೆ ಅವರಿಗೆ ಈಗ ಅನುಮಾನ, ಅದು ನ್ಯಾಯವೇ. ಒಂದು ವಾರದ ಹಿಂದಾಗಿದ್ದರೆ ನಾನು ತೊದಲುತ್ತಿದ್ದೆ, ಅಥವಾ ಕಿರುಚುತ್ತಿದ್ದೆ. ಅಂದು ಎರಡನ್ನೂ ಮಾಡಲಿಲ್ಲ.

"ತಪ್ಪಲ್ಲ ಸರ್. ಮೊದಲನೇದ್ರಲ್ಲಿ ಬರೀ ಯೂಸ್ಡ್ ಟು ಇತ್ತು, ಮುಂದೆ ಒಂದು ಕೆಲಸ ಇತ್ತು. ಹಂಗಿದ್ರೆ ಮುಗಿದು ಹೋಯ್ತು ಅಂತ. ಈಗಿನದ್ರಲ್ಲಿ ಹಿಂದೆ ಆರ್ ಇದೆ ನೋಡಿ, ಮುಂದೆ ಹರ್ ಅಂತ ಒಬ್ರು ಇದ್ದಾರೆ. ಮಕ್ಕಳು ಅವ್ರಿಗೆ ಒಗ್ಗಿಹೋಗಿದ್ದಾವೆ ಅಂತ ಅರ್ಥ. ಇವತ್ತಿಗೂ. ಅವ್ರನ್ನ ಬಿಟ್ಟು ಇರಲ್ಲ ಅಂತ. ನೋಡಿಯೇ ಬರ್ದಿದ್ದೇನೆ."

ಅಷ್ಟರಲ್ಲಿ ಪಕ್ಕದ ರೂಮಿನಲ್ಲಿ ಯಾರೋ ಯಾರನ್ನೋ ಕಚ್ಚಿರಬೇಕು. ಒಂದು ಮಗು ಗಂಟಲು ಹರಿಯುವ ಹಾಗೆ ಕಿರುಚಿತು, ಅದನ್ನು ಕೇಳಿ ಉಳಿದವು ಸುಮ್ಮನಿರುತ್ತವೆಯೇ.

"ಮೇಡಂ, ಅದೇನು ಶಬ್ದ?"

"ಅದಾ? ಖಾಲಿ ಕೋಣೆ ಸರ್."

ಅವರು ನಕ್ಕರು. ಹಳೆಯ ಯಜಮಾನರಷ್ಟು ಜೋರಾಗಿ ಅಲ್ಲ, ಆದರೆ ಮನಸ್ಸಿಟ್ಟು ನಕ್ಕರು. ನಕ್ಕು, "ಸರಿ ಮೇಡಂ, ನೀವು ಹೇಳಿದ್ದೇ ಸರಿ. ಅವರು ಅಲ್ಲೇ ಇರಲಿ. ಅವರ ಕೆಲಸಕ್ಕೆ ಏನು ಹೆಸರು ಹಾಕಲಿ?" ಎಂದರು.

"ಆಯಾ ಅಂತ ಹಾಕಿ ಸರ್. ವಾಕ್ಯ ಬೇಡ, ಒಂದೇ ಪದ ಸಾಕು."

ಫೋನಿಟ್ಟು ಮಕ್ಕಳ ರೂಮಿಗೆ ಓಡಿದೆ. ರೈಟರ್ ಆದ ಮೇಲೆ ನಾನು ಓಡಿದ್ದನ್ನು ಯಾರೂ ನೋಡಿರಲಿಲ್ಲ, ಅಂದು ಡ್ರೈವರ್ ನೋಡಿ ಹಾವು ಬಂತೆಂದು ಕೋಲು ಹಿಡಿದು ಹಿಂದೆಯೇ ಬಂದ. ಆಯಮ್ಮ ಕಚ್ಚಿಸಿಕೊಂಡ ಮಗುವನ್ನು ಒಂದು ಕೈಯಲ್ಲಿ, ಕಚ್ಚಿದ ಮಗುವನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದರು. ಗೆದ್ದೆವು ಆಯಮ್ಮ ಎಂದೆ. ಅವರು ಎರಡೂ ಮಕ್ಕಳನ್ನು ಕೆಳಗಿಳಿಸಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಕೂತರು. ಕೂತು, ಆ ದಿನ ಮೊದಲ ಸಲ ಅತ್ತರು. ನಾನೂ ಪಕ್ಕದಲ್ಲಿ ಕೂತೆ. ನಮ್ಮಿಬ್ಬರನ್ನು ನೋಡಿ ಮಕ್ಕಳು ಅಳು ನಿಲ್ಲಿಸಿದವು. ಸಂಜೆ ಕೊಯ್ಲು ಮುಗಿಸಿ ಬಂದ ತಾಯಂದಿರಿಗೆ ನಾನೇ ಲೈನಿನ ಮುಂದೆ ನಿಂತು, ಬೆಳಿಗ್ಗೆ ಹಾಜರಿ ಕೂಗುವ ಗಂಟಲಿನಲ್ಲೇ ಸುದ್ದಿ ಕೂಗಿ ಹೇಳಿದೆ. ಅಸ್ಸಾಮಿನ ಹುಡುಗಿಯ ತಾಯಿಗೆ ಕನ್ನಡ ಪೂರ್ತಿ ತಿಳಿಯುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಮೊದಲು ಬಂದು ಆಯಮ್ಮನ ಕೈ ಹಿಡಿದವಳು ಅವಳೇ.

ಮರುದಿನ ಹಾಜರಿ ಪುಸ್ತಕದಲ್ಲಿ ಆಯಮ್ಮನ ಹೆಸರಿನ ಮುಂದೆ ಅವರ ಹುದ್ದೆಯನ್ನು ಕೆಂಪು ಶಾಯಿಯಲ್ಲಿ ಬರೆದೆ. ಅಷ್ಟಕ್ಕೇ ನಿಲ್ಲಲಿಲ್ಲ. ಅಂಚೆ ಕಚೇರಿಗೆ ಹೋಗಿ, ನೀವು ಹೇಳುವ ಇಂಗ್ಲಿಷಿನ ಪ್ರಕಾರ ಈಗ ನಾಲ್ಕು ಗಂಟೆಗೆ ಮುಚ್ಚುವುದೇ ಇಲ್ಲ ಎಂದು ಹೇಳಿ ಬಂದೆ. ಮೆಡಿಕಲ್ ಶಾಪಿನವರಿಗೆ, ಕೆಲಸ ಮಾ‌ಡದ ಮಾತ್ರೆ ಮಾರುತ್ತಿದ್ದೀರೆಂದು ನೀವೇ ಗಿರಾಕಿಗೆ ಹೇಳುತ್ತಿದ್ದೀರಿ ಎಂದೆ. ಅವರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಯಾರು ಹೇಳಿದ್ದು ಎಂದು ಕೇಳಿದರು. ನಮ್ಮ ಮಕ್ಕಳ ರೂಮಿನ ಆಯಾ ಎಂದೆ. ಅವರು ನಂಬಲಿಲ್ಲ, ನಾನು ಅಲ್ಲೇ ನಿಂತು ನಂಬಿಸಿದೆ.

ಆ ಮೇಲೆ ಆರು ಕೊಯ್ಲು ಕಳೆದವು. ಕಿವಿ ಹಿಡಿದು ಮಲಗುತ್ತಿದ್ದ ಹುಡುಗಿ ಶಾಲೆಗೆ ಹೋದಳು. ಅವಳ ಜಾಗಕ್ಕೆ ಅವಳ ತಮ್ಮ ಬಂದ, ಅವನಿಗೆ ಆಯಮ್ಮನ ಸೆರಗು ಬೇಕಿತ್ತು. ಕಕ್ಕಬೆಯ ಒಂದು ಹೋಂಸ್ಟೇಯಲ್ಲಿ ಅಡುಗೆ ಮಾಡುತ್ತಿದ್ದ ಆಯಮ್ಮನ ಮಗಳು ಸ್ವಂತಕ್ಕೊಂದು ಮನೆ ಕಟ್ಟಿಸಿಕೊಂಡಳು, ಅಮ್ಮನಿಗೆಂದು ಕೆಳಗೇ ಒಂದು ಕೋಣೆ, ಒಂದೂ ಮೆಟ್ಟಿಲಿಲ್ಲದ್ದು. ಒಂದು ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಆಯಮ್ಮ ಕಾಲೆಳೆದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಹೊಸ ಸೀರೆ ಉಟ್ಟಿದ್ದರು.

"ರೈಟ್ರಮ್ಮ, ಈಗ ಬರೀರಿ," ಎಂದರು.

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಡ್ರಾಯರಿನ ತಳದಿಂದ ಆ ಹಳೆಯ ಪಟ್ಟಿಯನ್ನು ತೆಗೆದೆ. ತೋಟದ ಹೆಸರಿರುವ ಕಾಗದದ ಮೇಲೆ, ಒಂದಕ್ಷರವನ್ನೂ ಬದಲಿಸದೆ, 'ಶಿ ಯೂಸ್ಡ್ ಟು ಲುಕ್ ಆಫ್ಟರ್ ದ ಚಿಲ್ಡ್ರನ್ ಆಫ್ ದ ಪಿಕರ್ಸ್' ಎಂದು ಬರೆದೆ. ಓದಿ ಎಂದರು. ಒಂದೊಂದೇ ಪದ ಬಿಡಿಸಿ ಓದಿದೆ.

"ಈಗ ಸರಿಯಾಯ್ತು," ಎಂದರು ಆಯಮ್ಮ. "ಇನ್ನೊಂದನ್ನೂ ಹಾಕಿ."

"ಯಾವ್ದು?"

"ನಿಮ್ಗೆ ಗೊತ್ತು."

ಅಂಥ ಮಾತನ್ನು ಆಫೀಸಿನ ಕಾಗದದಲ್ಲಿ ಯಾರೂ ಬರೆಯುವುದಿಲ್ಲ. ನಾನು ಬರೆದೆ. 'ಐ ಆಮ್ ಯೂಸ್ಡ್ ಟು ಹರ್.' ಕೆಳಗೆ ಸಹಿ ಹಾಕಿ, ರೈಟರ್ ಎಂದು ಬರೆದು, ತೋಟದ ಸೀಲು ಒತ್ತಿದೆ.